ಹಿಡಿಯದ ಮೊಲದ ಲೆಕ್ಕ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು. ಹಟಮಾರಿಗಳನ್ನು ಕಂಡಾಗ ನಾವು ಈ ಮಾತನ್ನು ಆಡುತ್ತೇವೆ. ಆದರೆ ಪ್ರಾಣಿಶಾಸ್ತ್ರಜ್ಞರನ್ನು ಕೇಳಿದರೆ ಈ ಗಾದೆಗೆ ಅವರು ಇನ್ನೊಂದು ಅರ್ಥವನ್ನು ಹೇಳಿಯಾರು. ಹಿಡಿದ ಮೊಲ ನಿಜವಾಗಿಯೂ ತಪ್ಪು ಲೆಕ್ಕವನ್ನೇ ಕೊಡುತ್ತದೆ. ತಪ್ಪುವುದು ಕಾಲಿನ ಲೆಕ್ಕವಲ್ಲ, ರಕ್ತದ ಲೆಕ್ಕ. ಮನುಷ್ಯನ ಕೈ ಮೈಮೇಲೆ ಬಿದ್ದ ಕೆಲವೇ ನಿಮಿಷಗಳಲ್ಲಿ ಭಯಸೂಚಕವಾದ ರಸಗಳು ಅದರ ರಕ್ತದಲ್ಲಿ ಏರಿಬಿಡುತ್ತವೆ. ಆಗ ಸೂಜಿ ಚುಚ್ಚಿ ತೆಗೆದ ರಕ್ತವನ್ನು ಪರೀಕ್ಷಿಸಿದರೆ, ನಮಗೆ ತಿಳಿಯುವುದು ಮೊಲದ ಸಹಜಸ್ಥಿತಿಯಲ್ಲ, ನಾವು ಅದಕ್ಕೆ ಕೊಟ್ಟ ಗಾಬರಿ. ಹಾಗಾದರೆ ಹಿಡಿಯದೆ, ಮುಟ್ಟದೆ, ಒಂದು ಮೊಲದ ಒಳಗಿನ ಸಮಾಚಾರವನ್ನು ತಿಳಿಯುವುದು ಹೇಗೆ? ಅದು ಬೆದೆಗೆ ಬಂದಿದೆಯೇ, ಗರ್ಭ ಧರಿಸಿದೆಯೇ, ಸುಖವಾಗಿದೆಯೇ, ಕೊರಗುತ್ತಿದೆಯೇ ಎಂದು ಹೇಳುವವರಾರು? ಇದಕ್ಕೆ ಉತ್ತರ ದೊರೆತದ್ದು, ನಾವು ಗುಡಿಸಿ ಎಸೆಯುವ ವಸ್ತುವೊಂದರಲ್ಲಿ: ಮೊಲದ ಹಿಕ್ಕೆಯಲ್ಲಿ.

ಈ ಕಥೆಯ ನಾಯಕ ನಮ್ಮ ದೇಶದ ಪ್ರಾಣಿಯಲ್ಲ. ನಮ್ಮ ಹೊಲಗದ್ದೆಗಳ ಬದಿಯಲ್ಲಿ ಛಂಗನೆ ನೆಗೆದು ಓಡುವ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲೇ ಈಯುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಬಿಲದ ಮೊಲದ ಜಾತಿಯೇ ಬೇರೆ. ಅದರ ಮರಿಗಳು ಕುರುಡಾಗಿ, ಬೆತ್ತಲೆಯಾಗಿ ಹುಟ್ಟುತ್ತವೆ. ಕನ್ನಡದಲ್ಲಿ ಎರಡನ್ನೂ ಮೊಲವೆಂದೇ ಕರೆಯುತ್ತೇವೆ. ನಾನು ಈಗ ಹೇಳುವುದು ಉತ್ತರ ಅಮೆರಿಕದ ಕುಬ್ಜ ಮೊಲದ ವಿಷಯ. ಆ ಖಂಡದ ಮೊಲಗಳಲ್ಲೆಲ್ಲ ಇದೇ ಅತಿ ಚಿಕ್ಕದು. ಬೆಳೆದ ಮೊಲದ ತೂಕ ಅರ್ಧ ಕಿಲೋಗ್ರಾಮಿನ ಒಳಗೆ, ಅಂಗೈಯಲ್ಲಿ ಕೂರಿಸಿಕೊಳ್ಳಬಹುದು. ತನ್ನ ಬಿಲವನ್ನು ತಾನೇ ತೋಡಿಕೊಳ್ಳುತ್ತದೆ. ಅದರ ಬಾಳೆಲ್ಲ ಸೇಜ್‌ಬ್ರಷ್ ಎಂಬ ಒಂದು ಪೊದೆಯನ್ನು ನಂಬಿದೆ. ಹೂವಾಡಗಿತ್ತಿಯರು ಮಾಲೆಯ ನಡುವೆ ಸೇರಿಸಿ ಕಟ್ಟುವ ದವನ ನಿಮಗೆಲ್ಲ ಗೊತ್ತು. ಸೇಜ್‌ಬ್ರಷ್ ಅದೇ ಕುಲದ ಗಿಡ; ಅದರಂತೆಯೇ ಬೂದುಹಸಿರಿನ ಎಲೆ, ಅದರಂತೆಯೇ ಗಾಢವಾದ ವಾಸನೆ. ಚಳಿಗಾಲದಲ್ಲಿ ನೆಲವೆಲ್ಲ ಹಿಮ ಮುಚ್ಚಿದಾಗ ಈ ಮೊಲ ತಿನ್ನುವುದು ಬಹುಮಟ್ಟಿಗೆ ಈ ಸೊಪ್ಪೊಂದನ್ನೇ. ಇತರ ಪ್ರಾಣಿಗಳಿಗೆ ಕಹಿಯೂ ವಿಷವೂ ಆದದ್ದು ಇದಕ್ಕೆ ಅನ್ನ.

ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ಬಯಲಿನಲ್ಲಿ, ಈ ಕುಬ್ಜ ಮೊಲಗಳ ಒಂದು ಪಂಗಡವಿತ್ತು. ಐಡಾಹೊ, ನೆವಾಡ ಮೊದಲಾದ ಕಡೆಯ ದಾಯಾದಿಗಳಿಂದ ಅದು ಬೇರೆಯಾಗಿ ಕಡಿಮೆಯೆಂದರೂ ಹತ್ತು ಸಾವಿರ ವರ್ಷಗಳಾಗಿದ್ದುವು. ಇಷ್ಟು ಕಾಲ ಬದುಕಿದ ಪಂಗಡ ಒಂದು ಶತಮಾನದ ಬೇಸಾಯದ ಮುಂದೆ ಸೋತಿತು. ಪೊದೆಗಾಡನ್ನು ಕಡಿದು ಗೋಧಿ ಬೆಳೆದರು, ದನ ಮೇಯಿಸಿದರು, ಉಳಿದ ತುಂಡುಗಳಿಗೆ ಆಗಾಗ ಬೆಂಕಿ ಬಿದ್ದಿತು. 2001ರ ಹೊತ್ತಿಗೆ ಐವತ್ತು ಮೊಲಗಳೂ ಉಳಿದಿರಲಿಲ್ಲ. ಆ ವರ್ಷ ಹದಿನಾರನ್ನು ಹಿಡಿದು ತಂದು ಸಾಕಿ ಮರಿಮಾಡಿಸಲು ನಿಶ್ಚಯಿಸಿದರು. ಪೋರ್ಟ್‌ಲೆಂಡಿನ ಆರೆಗಾನ್ ಮೃಗಾಲಯ, ಪುಲ್‌ಮನ್ನಿನಲ್ಲಿರುವ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾನಿಲಯ, ನಾರ್ತ್‌ವೆಸ್ಟ್ ಟ್ರೆಕ್ ಎಂಬ ವನ್ಯಪ್ರಾಣಿ ಉದ್ಯಾನ, ಇವು ಈ ಕೆಲಸಕ್ಕೆ ಮುಂದೆ ಬಂದುವು. 2003ರಲ್ಲಿ ಅಮೆರಿಕದ ಸರ್ಕಾರ ಈ ಪಂಗಡವನ್ನು ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಪೂರ್ಣವಾಗಿ ಸೇರಿಸಿತು. 2004ರ ನಡುವಿನ ವೇಳೆಗೆ ಬಯಲಿನಲ್ಲಿ ಒಂದು ಮೊಲವೂ ಉಳಿದಿಲ್ಲವೆಂದೇ ಎಣಿಸಬೇಕಾಯಿತು. ಅಂದರೆ ಹತ್ತು ಸಾವಿರ ವರ್ಷಗಳ ಒಂದು ವಂಶ ಕೆಲವು ಪಂಜರಗಳಲ್ಲಿ ಮಾತ್ರ ಉಸಿರಾಡುತ್ತಿತ್ತು.

ಮೊಲವೆಂದರೆ ಮರಿಹಾಕುವುದರಲ್ಲಿ ಎತ್ತಿದ ಕೈ ಎಂದು ಲೋಕದ ನಂಬಿಕೆ. ಹದಿನಾರು ಮೊಲಗಳಿದ್ದರೆ ಎರಡು ಮೂರು ವರ್ಷದಲ್ಲಿ ನೂರಾರಾಗಬೇಕಷ್ಟೆ? ಹಾಗೆ ಆಗಲಿಲ್ಲ. ಜೋಡಿ ಮಾಡಿಬಿಟ್ಟರೂ ಮರಿಗಳು ಕಾಣಲಿಲ್ಲ. ಕಂಡರೂ ಸಂಖ್ಯೆ ಕಡಿಮೆ. ಐಡಾಹೊದಿಂದ ತಂದು ಸಾಕಿದ ಅದೇ ಜಾತಿಯ ಮೊಲಗಳು ಇವಕ್ಕಿಂತ ಚೆನ್ನಾಗಿ ಈಯುತ್ತಿದ್ದುವು. ತಪ್ಪು ಎಲ್ಲಿದೆ? ಜೋಡಿ ಕೂಡುತ್ತಲೇ ಇಲ್ಲವೇ? ಕೂಡಿದರೂ ಗರ್ಭ ನಿಲ್ಲುತ್ತಿಲ್ಲವೇ? ಹುಟ್ಟಿದ ಮರಿ ಸಾಯುತ್ತಿದೆಯೇ? ಪ್ರತಿಯೊಂದಕ್ಕೂ ಪರಿಹಾರ ಬೇರೆ ಬೇರೆ. ಯಾವುದೆಂದು ತಿಳಿಯದೆ ಮದ್ದು ಮಾಡಿದರೆ ಹೊಟ್ಟೆನೋವಿಗೆ ಹಣೆಗೆ ಪಟ್ಟು ಹಾಕಿದಂತೆ.

ನೋಡಿ ತಿಳಿಯೋಣವೆಂದರೆ ಅದಕ್ಕೂ ಈ ಪುಟ್ಟ ಪ್ರಾಣಿ ಅವಕಾಶ ಕೊಡುವುದಿಲ್ಲ. ತಾಯಿಮೊಲ ತಾನು ವಾಸಿಸುವ ಬಿಲದಲ್ಲಿ ಈಯುವುದಿಲ್ಲ. ಹೆರಿಗೆಗೆಂದೇ ಬೇರೊಂದು ಸಣ್ಣ ಬಿಲವನ್ನು ತೋಡಿ, ಹುಲ್ಲನ್ನೂ ತನ್ನ ಮೈಯ ತುಪ್ಪಟವನ್ನೂ ಹಾಸಿ ಮರಿಹಾಕುತ್ತದೆ. ಆಮೇಲೆ ಬಾಯಿಗೆ ಮಣ್ಣು ಮುಚ್ಚಿ, ಸುತ್ತಣ ನೆಲದಂತೆಯೇ ಕಾಣುವ ಹಾಗೆ ಸಮಮಾಡಿ ಹೊರಟುಹೋಗುತ್ತದೆ. ಹಾಲೂಡಿಸುವಾಗ ಮಾತ್ರ ಬಂದು, ಮಣ್ಣು ತೆಗೆದು, ಊಡಿಸಿ, ಮತ್ತೆ ಮುಚ್ಚುತ್ತದೆ. ಈ ಗುಟ್ಟು ಗೂಬೆಗೂ ವೀಸಲಿಗೂ ತಿಳಿಯದಿರಲೆಂದು ಪ್ರಕೃತಿ ಮಾಡಿದ ಏರ್ಪಾಡು; ಅದು ಕಾವಲುಗಾರನಿಗೂ ತಿಳಿಯುವುದಿಲ್ಲ. ತಾಯಿ ಈದಿದೆಯೋ ಇಲ್ಲವೋ ಎಂದು ನೋಡಲು ನೆಲವನ್ನು ಅಗೆದರೆ ಇರುವ ಮರಿಗಳೂ ಹೋದಾವು. ರಕ್ತ ತೆಗೆಯೋಣವೆಂದರೆ, ಅರ್ಧ ಕಿಲೋಗ್ರಾಮೂ ತೂಗದ ಮೈಯಿಂದ ಎಷ್ಟು ಸಲ, ಎಷ್ಟು ರಕ್ತ ತೆಗೆಯುವುದು? ಅಲ್ಲದೆ ಗಾಬರಿಯಾದ ಗರ್ಭಿಣಿಗೆ ಅಪಾಯ ತಪ್ಪಿದ್ದಲ್ಲ.

ಇಲ್ಲಿ ಹಾರ್ಮೋನುಗಳ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನಮ್ಮ ಶರೀರದಲ್ಲಿ ನಾಳವಿಲ್ಲದ ಕೆಲವು ಗ್ರಂಥಿಗಳುಂಟು. ಅವು ತಮ್ಮ ರಸವನ್ನು ನೇರವಾಗಿ ರಕ್ತಕ್ಕೇ ಬಿಡುತ್ತವೆ. ಆ ರಸಗಳೇ ಹಾರ್ಮೋನುಗಳು. ಒಂದು ಅಂಗದ ಆಜ್ಞೆಯನ್ನು ಇನ್ನೊಂದು ಅಂಗಕ್ಕೆ ಒಯ್ಯುವ ಅಂಚೆಯವರೆನ್ನಬಹುದು. ಅಂಡಾಶಯ ಈಸ್ಟ್ರೋಜೆನ್ನನ್ನು ಬಿಟ್ಟರೆ ಹೆಣ್ಣು ಬೆದೆಗೆ ಸಿದ್ಧವಾಗುತ್ತಿದೆಯೆಂದು ಅರ್ಥ. ಪ್ರೊಜೆಸ್ಟರೋನ್ ಗರ್ಭವನ್ನು ಕಾಪಾಡುವ ರಸ. ಗಂಡಿನಲ್ಲಿ ಟೆಸ್ಟಾಸ್ಟರೋನ್. ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಷ್ಟಕಾಲದಲ್ಲಿ ಬಿಡುವ ರಸಗಳಿಗೆ ಗ್ಲುಕೋಕಾರ್ಟಿಕಾಯ್ಡ್ ಎಂದು ಹೆಸರು. ಇವೆಲ್ಲವೂ ಸ್ಟೆರಾಯ್ಡ್ ಎಂಬ ಒಂದೇ ಮನೆತನದವು. ಕೆಲಸ ಮುಗಿದ ಮೇಲೆ ಇವುಗಳನ್ನು ಪಿತ್ತಜನಕಾಂಗ ಒಡೆದು ರೂಪಾಂತರಗೊಳಿಸುತ್ತದೆ. ಒಂದು ಪಾಲು ಮೂತ್ರದಲ್ಲೂ, ಇನ್ನೊಂದು ಪಾಲು ಪಿತ್ತರಸದೊಡನೆ ಕರುಳಿಗಿಳಿದು ಮಲದಲ್ಲೂ ಹೊರಬೀಳುತ್ತದೆ. ಆದ್ದರಿಂದ ಪ್ರತಿಯೊಂದು ಹಿಕ್ಕೆಯೂ ಕೆಲವು ಗಂಟೆಗಳ ಹಿಂದೆ ಆ ಶರೀರದಲ್ಲಿ ಏನು ನಡೆಯಿತೆಂಬುದರ ಸಣ್ಣದೊಂದು ಚೀಟಿ. ರಕ್ತದಲ್ಲಿ ಕ್ಷಣದ ಸ್ಥಿತಿ ಸಿಕ್ಕಿದರೆ ಹಿಕ್ಕೆಯಲ್ಲಿ ಹಲವು ಗಂಟೆಗಳ ಸರಾಸರಿ ಸಿಗುತ್ತದೆ. ಕ್ಷಣದ ಏರಿಳಿತಕ್ಕೆ ಮೋಸಹೋಗುವ ಭಯ ಇಲ್ಲಿ ಕಡಿಮೆ.

ಹೊರಬಂದ ವಸ್ತುವಿನಿಂದ ಒಳಗಿನ ಗರ್ಭವನ್ನು ಅರಿಯುವ ಯೋಚನೆ ಹೊಸದಲ್ಲ. ಇದರ ಚರಿತ್ರೆಯಲ್ಲಿ ಮೊಲಕ್ಕೆ ಒಂದು ದುಃಖದ ಪಾತ್ರವಿದೆ. 1931ರಲ್ಲಿ ಅಮೆರಿಕದ ಮಾರಿಸ್ ಫ್ರೀಡ್‌ಮನ್ ಎಂಬ ವಿಜ್ಞಾನಿ ತನ್ನ ಸಹೋದ್ಯೋಗಿಯೊಡನೆ ಒಂದು ಗರ್ಭಪರೀಕ್ಷೆಯನ್ನು ಪ್ರಕಟಿಸಿದನು. ಹೆಣ್ಣು ಮೊಲಕ್ಕೆ ಒಂದು ವಿಶೇಷ ಗುಣವಿದೆ. ಗಂಡಿನೊಡನೆ ಕೂಡಿದ ಮೇಲೆಯೇ, ಸುಮಾರು ಹತ್ತು ಗಂಟೆಗಳ ಅನಂತರ, ಅದರ ಅಂಡಾಶಯ ಅಂಡವನ್ನು ಬಿಡುತ್ತದೆ. ಒಂಟಿಯಾಗಿಟ್ಟ ಮೊಲ ಸಾಮಾನ್ಯವಾಗಿ ಅಂಡ ಬಿಡುವುದಿಲ್ಲ. ಗರ್ಭಿಣಿ ಸ್ತ್ರೀಯ ಮೂತ್ರದಲ್ಲಿ ಅಂಡವನ್ನು ಬಿಡಿಸುವ ಹಾರ್ಮೋನು ಇರುತ್ತದೆ. ಆ ಮೂತ್ರವನ್ನು ಮೊಲದ ಕಿವಿಯ ರಕ್ತನಾಳಕ್ಕೆ ಚುಚ್ಚಿ, ಎರಡು ದಿನಗಳಾದ ಮೇಲೆ ಮೊಲವನ್ನು ಕೊಯ್ದು ಅಂಡಾಶಯವನ್ನು ನೋಡುತ್ತಿದ್ದರು. ಗುರುತು ಕಂಡರೆ ಆ ತಾಯಿಗೆ ಶುಭವಾರ್ತೆ. ಗುರುತು ಕಾಣಲಿ ಬಿಡಲಿ, ಮೊಲದ ಪ್ರಾಣವಂತೂ ಹೋಗುತ್ತಿತ್ತು. ಹಲವು ವರ್ಷಗಳ ಕಾಲ ಆಸ್ಪತ್ರೆಗಳಲ್ಲಿ ಹೀಗೆ ಮೊಲಗಳು ಮನುಷ್ಯರ ಬಸುರಿನ ಸುದ್ದಿಯನ್ನು ಹೇಳಿ ಸತ್ತುವು. ಈಗ ಮನುಷ್ಯರು ಮೊಲದ ಬಸುರಿನ ಸುದ್ದಿಯನ್ನು ಅದರ ಕೂದಲೂ ಕೊಂಕದಂತೆ ಓದಲು ಕಲಿತಿದ್ದಾರೆ. ಹಳೆಯ ಸಾಲದ ಒಂದು ಕಂತು ತೀರಿತೆನ್ನಬಹುದು.

ಈ ಓದನ್ನು ಸಾಧ್ಯಮಾಡಿದವರಲ್ಲಿ ರೊಸಾಲಿನ್ ಯಾಲೊ ಎಂಬಾಕೆಯ ಹೆಸರನ್ನು ಹೇಳಲೇಬೇಕು. ಆಕೆ ಸಾಲಮನ್ ಬರ್ಸನ್ ಅವರೊಡನೆ ಕೂಡಿ, ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಿರುವ ಹಾರ್ಮೋನನ್ನೂ ಅಳೆಯುವ ಉಪಾಯವನ್ನು 1950ರ ದಶಕದ ಕೊನೆಯಲ್ಲಿ ಕಂಡುಹಿಡಿದರು; 1977ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ಬಂದಿತು. ಅವರು ಉಪಯೋಗಿಸಿದ್ದು ವಿಕಿರಣವನ್ನು. ಈಗ ಹೆಚ್ಚಾಗಿ ಕಿಣ್ವವನ್ನು ಉಪಯೋಗಿಸುತ್ತಾರೆ. ತತ್ತ್ವ ಒಂದೇ.

ಕೆಲಸ ನಡೆಯುವ ಕ್ರಮ ಹೀಗೆ. ಪಂಜರದಲ್ಲಿನ ಹಳೆಯ ಹಿಕ್ಕೆಗಳನ್ನು ಗುಡಿಸಿ ತೆಗೆದು, ಆಮೇಲೆ ಬಿದ್ದ ಹೊಸವನ್ನು ಆರಿಸಿ, ಮೊಲದ ಗುರುತನ್ನೂ ದಿನಾಂಕವನ್ನೂ ಬರೆದ ಚೀಲದಲ್ಲಿ ಹಾಕಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸುತ್ತಾರೆ. ತಂಪಿನಲ್ಲಿಡದಿದ್ದರೆ ಬ್ಯಾಕ್ಟೀರಿಯಗಳು ಆ ರಸಗಳನ್ನು ಇನ್ನಷ್ಟು ಒಡೆದು ಲೆಕ್ಕ ಕೆಡಿಸುತ್ತವೆ. ಮುಂದೆ ಅದನ್ನು ಒಣಗಿಸಿ, ಪುಡಿಮಾಡಿ, ತೂಗಿ, ಮದ್ಯಸಾರದಲ್ಲಿ ಕಲಕುತ್ತಾರೆ. ಸ್ಟೆರಾಯ್ಡುಗಳು ಮದ್ಯಸಾರಕ್ಕೆ ಇಳಿಯುತ್ತವೆ. ನಾರು ತಳದಲ್ಲಿ ನಿಲ್ಲುತ್ತದೆ. ಈ ಕಷಾಯದ ಕೆಲವು ಹನಿಗಳನ್ನು ಸಣ್ಣ ಕುಳಿಗಳಿರುವ ತಟ್ಟೆಗೆ ಬಿಡುತ್ತಾರೆ. ಕುಳಿಯ ಗೋಡೆಗೆ ಆ ಹಾರ್ಮೋನನ್ನೇ ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಜೊತೆಗೆ, ಬಣ್ಣ ಬರಿಸುವ ಕಿಣ್ವವನ್ನು ಕಟ್ಟಿದ ಹಾರ್ಮೋನನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸುತ್ತಾರೆ. ಕುಳಿಯಲ್ಲಿರುವ ಆಸನಗಳು ಇಂತಿಷ್ಟೇ. ಕೂರಲು ಬಂದವರು ಎರಡು ಪಕ್ಷ. ಹಿಕ್ಕೆಯ ಹಾರ್ಮೋನು ಹೆಚ್ಚಾಗಿದ್ದರೆ ಬಣ್ಣದ ಪಕ್ಷಕ್ಕೆ ಆಸನ ಸಿಕ್ಕುವುದಿಲ್ಲ. ತೊಳೆದಾಗ ಅದು ಹೊರಟುಹೋಗಿ ಕುಳಿ ತಿಳಿಯಾಗಿ ಉಳಿಯುತ್ತದೆ. ಹಾರ್ಮೋನು ಕಡಿಮೆಯಿದ್ದರೆ ಬಣ್ಣ ಗಾಢವಾಗುತ್ತದೆ. ಈ ಬಣ್ಣವನ್ನು ಯಂತ್ರದಿಂದ ಅಳೆದು ಲೆಕ್ಕ ಕಟ್ಟುತ್ತಾರೆ.

ಇಷ್ಟರಿಂದಲೇ ನಂಬುವಂತಿಲ್ಲ. ಪ್ರತಿಯೊಂದು ಜಾತಿಯ ಪ್ರಾಣಿಯೂ ಹಾರ್ಮೋನನ್ನು ತನ್ನದೇ ರೀತಿಯಲ್ಲಿ ಒಡೆಯುತ್ತದೆ. ಹಸುವಿಗೆ ಒಪ್ಪಿದ ಪರೀಕ್ಷೆ ಮೊಲಕ್ಕೆ ಒಪ್ಪಲಾರದು. ಆದ್ದರಿಂದ ಮೊದಲು ಪರೀಕ್ಷೆಯನ್ನೇ ಪರೀಕ್ಷಿಸಬೇಕು. ಅಡ್ರಿನಲ್ ಗ್ರಂಥಿಯನ್ನು ಕೆರಳಿಸುವ ಔಷಧವನ್ನು ಒಮ್ಮೆ ಚುಚ್ಚಿ, ಮುಂದಿನ ಗಂಟೆಗಳ ಹಿಕ್ಕೆಯಲ್ಲಿ ಕಷ್ಟದ ರಸ ಏರುತ್ತದೆಯೇ, ಎಷ್ಟು ಹೊತ್ತಿಗೆ ಏರುತ್ತದೆ ಎಂದು ನೋಡುತ್ತಾರೆ. ಮರಿಹಾಕಿದ್ದು ಖಚಿತವಾಗಿ ತಿಳಿದ ತಾಯಿಯ ಹಿಕ್ಕೆಯನ್ನು ದಿನದಿನವೂ ಅಳೆದು ಗರ್ಭದ ರೇಖೆಯನ್ನು ಎಳೆಯುತ್ತಾರೆ. ಮೊಲದಲ್ಲಿ ಇನ್ನೊಂದು ಸೋಜಿಗವಿದೆ. ಅದು ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಮೆತ್ತಗಿನದನ್ನು ಹೊರಬೀಳುತ್ತಲೇ ತಾನೇ ತಿಂದುಬಿಡುತ್ತದೆ. ಅದರಲ್ಲಿರುವ ಪುಷ್ಟಿ ಎರಡನೆಯ ಸಲ ದಕ್ಕುತ್ತದೆ. ನೆಲದ ಮೇಲೆ ನಮಗೆ ಸಿಕ್ಕುವುದು ಗಟ್ಟಿಯಾದ ಗುಂಡು ಹಿಕ್ಕೆ ಮಾತ್ರ. ಕುಬ್ಜ ಮೊಲದ ಮೇಲೆ ನಡೆಸಿದ ಇಂಥ ಅಧ್ಯಯನಗಳನ್ನು 2011 ಮತ್ತು 2012ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ವಿಜ್ಞಾನಿಗಳೂ ಅವರ ಜೊತೆಗಾರರೂ ಪ್ರಕಟಿಸಿದರು.

ಹೀಗೆ ದೊರೆತ ರೇಖೆಯನ್ನು ಓದುವುದು ವೈದ್ಯನು ನಾಡಿ ಹಿಡಿದಂತೆ. ಕುಬ್ಜ ಮೊಲದ ಗರ್ಭಕಾಲ ಸುಮಾರು ಇಪ್ಪತ್ತನಾಲ್ಕು ದಿನ. ಗಂಡನ್ನು ಬಿಟ್ಟ ಮೇಲೂ ಪ್ರೊಜೆಸ್ಟರೋನಿನ ರೇಖೆ ಏಳಲೇ ಇಲ್ಲವೆಂದರೆ, ಜೋಡಿ ಕೂಡಿಲ್ಲ ಅಥವಾ ಕೂಡಿದರೂ ಅಂಡ ಬಿಟ್ಟಿಲ್ಲ. ಆಗ ಜೋಡಿಯನ್ನು ಬದಲಾಯಿಸಬೇಕು. ರೇಖೆ ಎದ್ದು ನಡುವಿನಲ್ಲೇ ಬಿದ್ದರೆ ಗರ್ಭ ಇಳಿದಿರಬಹುದು, ಅಥವಾ ಅದು ಸುಳ್ಳು ಬಸುರಿರಬಹುದು. ಸಾಕುಮೊಲಗಳಲ್ಲಿ ಸುಳ್ಳು ಬಸುರು ಎರಡು ವಾರಕ್ಕೆ ತುಸು ಮೇಲೆ ನಿಂತು ಇಳಿದುಹೋಗುತ್ತದೆ. ರೇಖೆ ಕೊನೆಯವರೆಗೂ ಎತ್ತರದಲ್ಲಿದ್ದು ಹೆರಿಗೆಯ ಹೊತ್ತಿಗೆ ಇಳಿದು, ಆದರೂ ವಾರಗಳಾದ ಮೇಲೆ ಮರಿಗಳು ಮೇಲೆ ಬಾರದಿದ್ದರೆ, ಹುಟ್ಟಿದ ಮೇಲೆ ಮಣ್ಣಿನೊಳಗೆ ಏನೋ ಆಗಿದೆ. ತೇವವೋ ರೋಗವೋ ಹಾಲಿನ ಕೊರತೆಯೋ ಎಂದು ಅಲ್ಲಿ ಹುಡುಕಬೇಕು. ಇವೆಲ್ಲದರ ಜೊತೆಗೆ ಅಡ್ರಿನಲ್ ರಸದ ರೇಖೆ ಯಾವಾಗಲೂ ಮೇಲೆಯೇ ಇದ್ದರೆ ಪಂಜರದ ಕಡೆಗೇ ಕಣ್ಣು ಹಾಯಿಸಬೇಕು: ಸದ್ದು ಹೆಚ್ಚೇ, ಮರೆ ಸಾಲದೇ, ತೋಡಲು ಮಣ್ಣು ಕಡಿಮೆಯೇ? ಮೂರು ಪ್ರಶ್ನೆಗಳನ್ನು ಮೂರು ಮಾಡಿ ಬಿಡಿಸುವುದೇ ಈ ವಿಧಾನದ ಉಪಕಾರ.

ಇದರ ಮಿತಿಯನ್ನೂ ಹೇಳಬೇಕು. ಬಿಸಿಲಲ್ಲಿ ಒಣಗಿದ, ಮಳೆಯಲ್ಲಿ ನೆನೆದ ಹಿಕ್ಕೆ ಸಾಕ್ಷಿಗೆ ಬಾರದು. ಒಂದು ಮೊಲಕ್ಕೆ ಹೆಚ್ಚೆನಿಸುವ ಅಂಕಿ ಇನ್ನೊಂದಕ್ಕೆ ಸಹಜವಾಗಿರಬಹುದು. ಆದ್ದರಿಂದ ಪ್ರತಿಯೊಂದನ್ನೂ ಅದರ ಹಿಂದಿನ ಅಂಕಿಗಳೊಡನೆಯೇ ಹೋಲಿಸಬೇಕು. ಕಷ್ಟದ ರಸ ಏರಿದ ಮಾತ್ರಕ್ಕೆ ಪ್ರಾಣಿ ಸಂಕಟದಲ್ಲಿದೆಯೆಂದೂ ಅಲ್ಲ. ಬೆದೆಯ ಉತ್ಸಾಹದಲ್ಲೂ ಅದು ಏರಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಹಿಕ್ಕೆ ರೋಗವನ್ನು ತೋರಿಸೀತು, ವಂಶವನ್ನು ಮರಳಿ ಕೊಡಲಾರದು.

ಕೊಲಂಬಿಯಾ ಬಯಲಿನ ಮೊಲಗಳ ಕಥೆಯಲ್ಲಿ ಈ ಕೊನೆಯ ಮಾತು ನಿಜವಾಯಿತು. ಸಂಖ್ಯೆ ಅಷ್ಟು ಕುಗ್ಗಿದ ಮೇಲೆ ಹತ್ತಿರದ ಸಂಬಂಧಗಳಲ್ಲೇ ಕೂಡಬೇಕಾಗಿ, ಒಳವಂಶದ ಬಲಹೀನತೆ ಮೈಗೂಡಿತ್ತು. 2003ರಲ್ಲಿ ಅಧಿಕಾರಿಗಳು ಒಂದು ಕಠಿನವಾದ ತೀರ್ಮಾನಕ್ಕೆ ಬಂದರು: ಐಡಾಹೊದ ಮೊಲಗಳೊಡನೆ ಬೆರಕೆ ಮಾಡುವುದು. ಬೆರಕೆ ಮಾಡಿದರೆ ಶುದ್ಧ ವಂಶ ಉಳಿಯುವುದಿಲ್ಲ. ಮಾಡದಿದ್ದರೆ ಏನೂ ಉಳಿಯುವುದಿಲ್ಲ. 2007ರ ಮಾರ್ಚಿಯಲ್ಲಿ ಸಾಕಿದ ಇಪ್ಪತ್ತು ಮೊಲಗಳನ್ನು ಬಯಲಿಗೆ ಬಿಟ್ಟರು. ಕೆಲವೇ ವಾರಗಳಲ್ಲಿ ಹೆಚ್ಚಿನವು ಬೇಟೆಗಾರ ಪ್ರಾಣಿಗಳ ಪಾಲಾದುವು. 2008ರಲ್ಲಿ ಶುದ್ಧ ವಂಶದ ಕೊನೆಯ ಹೆಣ್ಣು ಸತ್ತಿತು. 2011ರಲ್ಲಿ ಕ್ರಮವನ್ನೇ ಬದಲಿಸಿದರು. ಮೃಗಾಲಯದ ಪಂಜರಗಳಿಗೆ ಬದಲಾಗಿ ಸೇಜ್‌ಬ್ರಷ್ ಬಯಲಿನಲ್ಲಿಯೇ ವಿಸ್ತಾರವಾದ ಬೇಲಿಗಳನ್ನು ಹಾಕಿ, ಬೇರೆ ರಾಜ್ಯಗಳಿಂದ ತಂದ ಮೊಲಗಳನ್ನೂ ಸೇರಿಸಿ, ತಮ್ಮ ಜೋಡಿಯನ್ನು ತಾವೇ ಆರಿಸಿಕೊಳ್ಳಲು ಬಿಟ್ಟರು. ಆಗ ನೂರಾರು ಮರಿಗಳಾದುವು. ಅವುಗಳಲ್ಲಿ ಹಳೆಯ ಕೊಲಂಬಿಯಾ ವಂಶದ ರಕ್ತ ಇನ್ನೂ ಒಂದಿಷ್ಟು ಹರಿಯುತ್ತಿದೆ. 2020ರ ಸೆಪ್ಟೆಂಬರಿನ ಕಾಳ್ಗಿಚ್ಚು ಅಂದಿದ್ದ ಮೊಲಗಳಲ್ಲಿ ಅರ್ಧದಷ್ಟನ್ನು ಕೊಂದಿತೆಂದು ಅಂದಾಜು. ಉಳಿದವುಗಳಿಂದ ಕೆಲಸ ಮತ್ತೆ ಮುಂದುವರಿಯಿತು.

ಇದೆಲ್ಲ ದೂರದ ದೇಶದ ಮಾತೆಂದು ತಿಳಿಯಬೇಕಾಗಿಲ್ಲ. ಹೈದರಾಬಾದಿನಲ್ಲಿ ಅಳಿವಿನಂಚಿನ ಪ್ರಾಣಿಗಳಿಗಾಗಿಯೇ ಇರುವ ಪ್ರಯೋಗಾಲಯದಲ್ಲಿ ಹಿಕ್ಕೆ ಸಗಣಿಗಳ ಹಾರ್ಮೋನು ಪರೀಕ್ಷೆ ನಡೆಯುತ್ತದೆ. ಮಲೆನಾಡಿನವರು ಬರ್ಕವೆಂದು ಕರೆಯುವ ಪುಟ್ಟ ಮೃಗವನ್ನು ಅಲ್ಲಿಯ ಮೃಗಾಲಯದಲ್ಲಿ ಮರಿಮಾಡಿಸಿ ಕಾಡಿಗೆ ಬಿಡುವ ಕೆಲಸದಲ್ಲಿಯೂ ಆ ಪ್ರಯೋಗಾಲಯ ಕೈಗೂಡಿಸಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮೈಸೂರು ಮತ್ತು ನೀಲಗಿರಿ ಕಡೆಯ ಕಾಡಾನೆಗಳ ಲದ್ದಿಯನ್ನು ಹೀಗೆಯೇ ಪರೀಕ್ಷಿಸಿ, ಮೈ ಬಡಕಲಾದ ಆನೆಗಳಲ್ಲಿ ಕಷ್ಟದ ರಸ ಹೆಚ್ಚಾಗಿರುವುದನ್ನು 2017ರಲ್ಲಿ ಪ್ರಕಟಿಸಿದರು. ಹಿಮಾಲಯದ ತಪ್ಪಲಿನ ಎತ್ತರದ ಹುಲ್ಲುಗಾವಲಲ್ಲಿ ಬಿರುಗೂದಲಿನ ಮೊಲವೊಂದಿದೆ. ಅಳಿದೇ ಹೋಯಿತೆಂದು ಶಂಕಿಸಿದ್ದ ಅದು 1971ರಲ್ಲಿ ಅಸ್ಸಾಮಿನಲ್ಲಿ ಮತ್ತೆ ಕಂಡಿತು. ಅದು ಇಂದಿಗೂ ವಿನಾಶದ ಅಂಚಿನಲ್ಲಿಯೇ ಇದೆ. ಕಣ್ಣಿಗೆ ಬೀಳುವುದೇ ಅಪರೂಪವಾದ ಆ ಮೊಲವನ್ನು ಹುಡುಕುವವರೂ ಹುಲ್ಲಿನ ಬುಡದಲ್ಲಿ ಅದರ ಹಿಕ್ಕೆಯನ್ನೇ ಅರಸುತ್ತಾರೆ. ಅದಕ್ಕೂ ಪಂಜರದ ಕಾಲ ಬರುವುದಕ್ಕೆ ಮುಂಚೆಯೇ, ಅದರ ಹುಲ್ಲುಗಾವಲು ಇನ್ನೂ ಇರುವಾಗಲೇ, ಅದರ ಬೆದೆ ಬಸುರುಗಳ ರೇಖೆಯನ್ನು ತಿಳಿದಿಟ್ಟುಕೊಳ್ಳುವುದು ಜಾಣತನ. ಕೊಲಂಬಿಯಾದಲ್ಲಿ ಈ ತಿಳಿವಳಿಕೆ ಬಂದದ್ದು ಶುದ್ಧ ವಂಶ ಕಣ್ಮುಚ್ಚಿದ ಮೇಲೆ.

ಈಗ ವಾಷಿಂಗ್ಟನ್ನಿನ ಆ ಬಯಲಿನಲ್ಲಿ ಚಳಿಗಾಲ ಬಂದಾಗ ಕೆಲಸಗಾರರು ಹಿಮದ ಮೇಲೆ ಬಿಲದಿಂದ ಬಿಲಕ್ಕೆ ನಡೆಯುತ್ತಾರೆ. ಬಿಳಿಯ ನೆಲದಲ್ಲಿ ಕಾಳುಮೆಣಸಿನಂತೆ ಚೆಲ್ಲಿದ ಹಿಕ್ಕೆಗಳನ್ನು ಆರಿಸಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅದರಲ್ಲಿ ಅಂಟಿಕೊಂಡ ಡಿ.ಎನ್.ಎ.ಯಿಂದ ಇದು ಯಾವ ಮೊಲ, ಯಾರ ಮರಿ ಎಂದು ತಿಳಿದುಬರುತ್ತದೆ. ಒಂದು ಬಲೆಯನ್ನೂ ಬೀಸಬೇಕಾಗಿಲ್ಲ, ಒಂದು ಮೊಲವನ್ನೂ ಹಿಡಿಯಬೇಕಾಗಿಲ್ಲ.